ಹಣೆಬರಹವಲ್ಲ, ರಸ್ತೆಯ ನಕ್ಷೆ



ಕನ್ನಡದ ಮನೆಯಲ್ಲಿ ಬೆಳೆದ ನಿಮಗೆ ಈ ಮಾತು ಚೆನ್ನಾಗಿ ಗೊತ್ತಿರುತ್ತದೆ: “ನೋಡ್ಕೊಂಡು ಹೋಗು.” ಮೊದಲ ಸಲ ಸೈಕಲ್ ಹತ್ತಿದಾಗ, ಸ್ಕೂಲ್ ಬಸ್ಸಿಗೆ ಓಡುವಾಗ, ಲೈಸೆನ್ಸ್ ಬಂದು ಕಾರಿನ ಕೀ ಕೈಗೆ ಸಿಕ್ಕಾಗ, ಬಾಗಿಲಲ್ಲಿ ನಿಂತು ಅಮ್ಮ ಹೇಳುವ ಮಾತು. ಒಳ್ಳೆಯ ಮಾತೇ, ಪಾಲಿಸಿ. ಆದರೆ ಅದರೊಳಗೆ ಒಂದು ನಂಬಿಕೆ ಸದ್ದಿಲ್ಲದೆ ಕೂತಿದೆ. ನೋಡಿಕೊಂಡು ಹೋದವರಿಗೆ ಏನೂ ಆಗುವುದಿಲ್ಲ. ಏನಾದರೂ ಆಯಿತೆಂದರೆ ಅದು ಯಾರದೋ ತಪ್ಪು, ಇಲ್ಲದಿದ್ದರೆ ಹಣೆಬರಹ.

ಇವತ್ತಿನ ಮಾತು ಈ ನಂಬಿಕೆಯ ಬಗ್ಗೆ. ರಸ್ತೆಯಲ್ಲಿ ಯಾರಿಗೆ ಪೆಟ್ಟಾಗುತ್ತದೆ, ಯಾರು ಉಳಿಯುತ್ತಾರೆ ಎನ್ನುವುದರಲ್ಲಿ ಮನುಷ್ಯರ ಎಚ್ಚರಕ್ಕೆ ಪಾತ್ರವಿದೆ, ನಿಜ. ಆದರೆ ರಸ್ತೆಯ ಆಕಾರಕ್ಕೂ ಅಷ್ಟೇ ದೊಡ್ಡ ಪಾತ್ರವಿದೆ. ಅದು ಎಷ್ಟು ಅಗಲ, ತಿರುವು ಎಷ್ಟು ಚೂಪು, ದಾಟಲು ಎಷ್ಟು ಸೆಕೆಂಡು, ಕಾರು ಎಲ್ಲಿ ನಿಲ್ಲಬಹುದು, ಇವನ್ನೆಲ್ಲ ಯಾರೋ ಒಬ್ಬರು ಕಚೇರಿಯಲ್ಲಿ ಕೂತು ನಕ್ಷೆಯ ಮೇಲೆ ಬರೆದಿರುತ್ತಾರೆ. ಹಣೆಬರಹವನ್ನು ತಿದ್ದಲಾಗದು ಎನ್ನುತ್ತಾರೆ ಹಿರಿಯರು. ನಕ್ಷೆಯನ್ನು ತಿದ್ದಬಹುದು.

ಅಮೆರಿಕದ ಲೆಕ್ಕವನ್ನೇ ನೋಡಿ. 2009ರಲ್ಲಿ ಈ ದೇಶದಲ್ಲಿ ವಾಹನ ಡಿಕ್ಕಿಯಾಗಿ ಸತ್ತ ಪಾದಚಾರಿಗಳು ಸುಮಾರು 4,100 ಮಂದಿ. 2022ರ ಹೊತ್ತಿಗೆ ಆ ಸಂಖ್ಯೆ 7,500 ದಾಟಿತು. ದಿನಕ್ಕೆ ಇಪ್ಪತ್ತು ಜನ. ಹದಿಮೂರು ವರ್ಷಗಳಲ್ಲಿ ಇಲ್ಲಿನವರು ನೋಡಿಕೊಂಡು ನಡೆಯುವುದನ್ನು ಮರೆತುಬಿಟ್ಟರೆ? ಫೋನೇ ಕಾರಣ ಎನ್ನೋಣವೆಂದರೆ ಯೂರೋಪಿನಲ್ಲೂ ಜಪಾನಿನಲ್ಲೂ ಎಲ್ಲರ ಕೈಯಲ್ಲಿ ಫೋನಿದೆ. ಇದೇ ಅವಧಿಯಲ್ಲಿ ಅಲ್ಲಿ ಹಲವು ದೇಶಗಳಲ್ಲಿ ಪಾದಚಾರಿಗಳ ಸಾವು ಇಳಿದಿದೆ. ಇಲ್ಲಿ ಕಾರುಗಳು ಎತ್ತರವಾಗಿವೆ, ಭಾರವಾಗಿವೆ, ಅದೂ ಒಂದು ಕಾರಣ. ಇನ್ನೊಂದು ದೊಡ್ಡ ಕಾರಣ ನಮ್ಮ ಕಾಲ ಕೆಳಗೇ ಇದೆ.

ವೇಗದ ಲೆಕ್ಕ

ಮೊದಲು ಸ್ವಲ್ಪ ಭೌತಶಾಸ್ತ್ರ. ವೇಗ ಎರಡು ಪಟ್ಟಾದರೆ ಚಲಿಸುವ ವಸ್ತುವಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂದು ನೀವು ಹೈಸ್ಕೂಲಿನಲ್ಲಿ ಕಲಿತಿದ್ದೀರಿ. ಬೀದಿಯಲ್ಲಿ ಅದರ ಅರ್ಥ ಇದು: ಗಂಟೆಗೆ 40 ಮೈಲಿಯಲ್ಲಿ ಬರುವ ಕಾರು 20 ಮೈಲಿಯಲ್ಲಿ ಬರುವ ಅದೇ ಕಾರಿಗಿಂತ ನಾಲ್ಕು ಪಟ್ಟು ಜೋರಾಗಿ ಹೊಡೆಯುತ್ತದೆ. ನಿಲ್ಲಲು ಬೇಕಾಗುವ ದೂರವೂ ಹಾಗೆಯೇ ಏರುತ್ತದೆ. ಬ್ರಿಟನ್ನಿನ ಚಾಲಕರ ಕೈಪಿಡಿಯ ಪ್ರಕಾರ, ಚಾಲಕ ಅಪಾಯ ಕಂಡ ಕ್ಷಣದಿಂದ ಕಾರು ಪೂರ್ತಿ ನಿಲ್ಲುವವರೆಗೆ 20 ಮೈಲಿ ವೇಗದಲ್ಲಿ 40 ಅಡಿ ಬೇಕು. 40 ಮೈಲಿ ವೇಗದಲ್ಲಿ 118 ಅಡಿ.

ಅಮೆರಿಕದ ಎಎಎ ಫೌಂಡೇಶನ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಜೀವದ ಲೆಕ್ಕದಲ್ಲಿ ಹೇಳುತ್ತದೆ. ಕಾರು 23 ಮೈಲಿ ವೇಗದಲ್ಲಿ ಗುದ್ದಿದರೆ ಪಾದಚಾರಿ ಸಾಯುವ ಸಂಭವ ಸರಾಸರಿ ನೂರಕ್ಕೆ 10. 32 ಮೈಲಿಯಲ್ಲಿ 25. 42 ಮೈಲಿಯಲ್ಲಿ 50. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. 70 ವರ್ಷದವರಿಗೆ 25 ಮೈಲಿ ವೇಗದ ಪೆಟ್ಟು ಎಷ್ಟು ಅಪಾಯವೋ, 30 ವರ್ಷದವರಿಗೆ 35 ಮೈಲಿ ವೇಗದ ಪೆಟ್ಟು ಹೆಚ್ಚುಕಡಿಮೆ ಅಷ್ಟೇ ಅಪಾಯ. ನಿಮಗೆ ಕಾಲು ಮುರಿಯುವ ಜಾಗದಲ್ಲಿ ನಿಮ್ಮ ಅಜ್ಜಿಯ ಜೀವವೇ ಹೋಗಬಹುದು.

ಹಾಗಾದರೆ ವೇಗದ ಮಿತಿಯ ಬೋರ್ಡು ಹಾಕಿದರೆ ಸಾಕಲ್ಲವೆ ಎಂದು ಕೇಳಬಹುದು. ಕಾರು ಓಡಿಸುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ, ನೀವೇ ಯೋಚಿಸಿ. ನೇರವಾದ, ಅಗಲವಾದ, ಅಕ್ಕಪಕ್ಕ ಮರವೂ ಇಲ್ಲದ ರಸ್ತೆಯಲ್ಲಿ 30 ಎಂದು ಬರೆದಿದ್ದರೆ ನಿಮ್ಮ ಕಾಲು 30ಕ್ಕೆ ನಿಲ್ಲುತ್ತದೆಯೆ? ಎರಡೂ ಕಡೆ ಕಾರು ನಿಂತ, ಮರಗಳ ನೆರಳಿರುವ, ಮುಂದೆ ತಿರುವಿರುವ ಕಿರಿದಾದ ಬೀದಿಯಲ್ಲಿ ಯಾರೂ ಹೇಳದೆಯೇ ಕಾಲು ಬ್ರೇಕಿನ ಕಡೆಗೆ ಹೋಗುತ್ತದೆ. ನಮ್ಮ ಕಾಲಿಗೆ ಬೋರ್ಡಿಗಿಂತ ಚೆನ್ನಾಗಿ ಕೇಳಿಸುವುದು ಬೀದಿಯ ಮಾತು.

ಇಲ್ಲೊಂದು ವಿಚಿತ್ರವಿದೆ. ಅಮೆರಿಕದ ಬಹಳಷ್ಟು ಕಡೆ ವೇಗದ ಮಿತಿಯನ್ನು ನಿರ್ಧರಿಸುವುದು ಹೀಗೆ: ದಟ್ಟಣೆ ಇಲ್ಲದಾಗ ಜನ ಎಷ್ಟು ವೇಗವಾಗಿ ಓಡಿಸುತ್ತಾರೆಂದು ಅಳೆಯುತ್ತಾರೆ. ನೂರರಲ್ಲಿ 85 ಜನ ಯಾವ ವೇಗವನ್ನು ದಾಟುವುದಿಲ್ಲವೋ, ಹೆಚ್ಚುಕಡಿಮೆ ಅದನ್ನೇ ಮಿತಿ ಎಂದು ಬರೆಯುವುದು ದಶಕಗಳ ರೂಢಿ. ರಸ್ತೆ ಅಗಲ ಮಾಡಿದರೆ ಜನ ವೇಗ ಏರಿಸುತ್ತಾರೆ. ಜನ ಏರಿಸಿದ ವೇಗವೇ ಮಿತಿಯಾಗುತ್ತದೆ. ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದರೆ ಪಾಸು ಎಂಬುದನ್ನು ಉತ್ತರಪತ್ರಿಕೆ ನೋಡಿದ ಮೇಲೆ ತೀರ್ಮಾನಿಸಿದ ಹಾಗೆ.

ಬೀದಿಯೋ ಹೆದ್ದಾರಿಯೋ

ಕನ್ನಡದಲ್ಲಿ ದಾರಿಗೆ ಎಷ್ಟೊಂದು ಹೆಸರು. ಕಾಲುದಾರಿ, ಓಣಿ, ಬೀದಿ, ಹೆದ್ದಾರಿ. ಹೆಸರು ಹೇಳಿದರೆ ಸಾಕು, ಅಲ್ಲಿ ಏನು ನಡೆಯುತ್ತದೆ ಎಂದು ತಿಳಿಯುತ್ತದೆ. ಬೀದಿಯಲ್ಲಿ ಮನೆಗಳಿವೆ, ಅಂಗಡಿಗಳಿವೆ, ಜನ ನಿಂತು ಮಾತಾಡುತ್ತಾರೆ. ಉಡುಪಿಯ ರಥಬೀದಿ ನೋಡಿದವರಿಗೆ ಗೊತ್ತು, ಅದು ದೇವರ ತೇರಿಗೂ ಜನರ ಕಾಲಿಗೂ ಇರುವ ಜಾಗ. ಹೆದ್ದಾರಿ ಬೇರೆ. ಅದು ಊರಿಂದ ಊರಿಗೆ ಬೇಗ ಸಾಗಿಸುವ ದಾರಿ. ಅಲ್ಲಿ ಯಾರೂ ಅಡ್ಡ ಬರಬಾರದು.

ತೊಂದರೆ ಶುರುವಾಗುವುದು ಒಂದೇ ದಾರಿಗೆ ಎರಡೂ ಕೆಲಸ ಕೊಟ್ಟಾಗ. ನಿಮ್ಮ ಮನೆಯ ಹತ್ತಿರದ ದೊಡ್ಡ ರಸ್ತೆಯನ್ನು ನೆನಪಿಸಿಕೊಳ್ಳಿ. ಆರು ಲೇನ್, ಮಧ್ಯೆ ಎಡಕ್ಕೆ ತಿರುಗಲು ಇನ್ನೊಂದು. ಒಂದೊಂದು ಲೇನೂ 12 ಅಡಿ, ಅಂದರೆ ಇಂಟರ್‌ಸ್ಟೇಟ್ ಹೆದ್ದಾರಿಯ ಅಳತೆ. ಆದರೆ ಅದರ ಎರಡೂ ಬದಿಗೆ ಇಂಡಿಯನ್ ಅಂಗಡಿ, ಡೇಕೇರ್, ಬಸ್ ಸ್ಟಾಪ್, ಪಿಜ್ಜಾ ಅಂಗಡಿ, ಪ್ರತಿಯೊಂದಕ್ಕೂ ಒಳಹೋಗುವ ದಾರಿ. ಹೆದ್ದಾರಿಯ ವೇಗ, ಬೀದಿಯ ವ್ಯವಹಾರ. ಚಾರ್ಲ್ಸ್ ಮರೋನ್ ಎಂಬ ಅಮೆರಿಕನ್ ಎಂಜಿನಿಯರ್ ಸ್ಟ್ರೀಟ್ ಮತ್ತು ರೋಡ್ ಎರಡನ್ನೂ ಬೆರೆಸಿ ಇಂಥದಕ್ಕೆ ‘ಸ್ಟ್ರೋಡ್’ ಎಂದು ಹೆಸರಿಟ್ಟರು. ಬೀದಿಯಾಗಿಯೂ ಕೆಲಸಕ್ಕೆ ಬಾರದು, ಹೆದ್ದಾರಿಯಾಗಿಯೂ ಕೆಲಸಕ್ಕೆ ಬಾರದು.

ಇಂಥ ರಸ್ತೆಯಲ್ಲಿ ಎರಡು ಸಿಗ್ನಲ್‌ಗಳ ನಡುವೆ ಅರ್ಧ ಮೈಲಿ ಇರುವುದು ಅಪರೂಪವಲ್ಲ. ಬೇಸಿಗೆಗೆ ಊರಿಂದ ಬಂದ ನಿಮ್ಮ ಅಜ್ಜಿ ಕೊತ್ತಂಬರಿ ಸೊಪ್ಪು ತರಲು ಎದುರಿನ ಅಂಗಡಿಗೆ ಹೋಗಬೇಕು ಅನ್ನಿ. ಅಂಗಡಿ ಕಣ್ಣೆದುರಿಗೇ ಇದೆ. ಆದರೆ ಸಿಗ್ನಲ್‌ವರೆಗೆ ಕಾಲು ಮೈಲಿ ನಡೆದು, ದಾಟಿ, ಮತ್ತೆ ಕಾಲು ಮೈಲಿ ಹಿಂದಕ್ಕೆ ಬರಬೇಕು. ಅವರ ನಡಿಗೆಗೆ ಹದಿನೈದು ನಿಮಿಷಕ್ಕೂ ಹೆಚ್ಚು. ಯಾರಾದರೂ ನಡುವೆಯೇ ದಾಟಲು ನೋಡಿದರೆ ಅದನ್ನು ನಾವು ಅವರ ತಪ್ಪು ಎನ್ನುತ್ತೇವೆ.

ಸರಿ, ಅಜ್ಜಿ ಸಿಗ್ನಲ್‌ಗೇ ಹೋದರು. ಗುಂಡಿ ಒತ್ತಿದರು. ನಡೆಯುವ ಮನುಷ್ಯನ ಬಿಳಿ ಚಿತ್ರ ಬಂತು. ಅದು ಆರುವ ಕೊನೆಯ ಕ್ಷಣದಲ್ಲಿ, ನಿಯಮದ ಪ್ರಕಾರವೇ, ಅವರು ರಸ್ತೆಗಿಳಿದರು. ಆಮೇಲೆ ಮಿಣುಕುವ ಕಿತ್ತಳೆ ಬಣ್ಣದ ಕೈ ಎಷ್ಟು ಸೆಕೆಂಡು ಇರಬೇಕು? ಅಮೆರಿಕದ ಕೈಪಿಡಿ ಪಾದಚಾರಿ ಸೆಕೆಂಡಿಗೆ 3.5 ಅಡಿ ನಡೆಯುತ್ತಾನೆ ಎಂದು ಲೆಕ್ಕ ಹಾಕುತ್ತದೆ. 2009ಕ್ಕೆ ಮುಂಚೆ 4 ಅಡಿ ಎಂದಿತ್ತು. ಏಳು ಲೇನ್ ಅಂದರೆ 84 ಅಡಿ, ಭಾಗಿಸಿದರೆ 24 ಸೆಕೆಂಡು. ಮಂಡಿ ನೋವಿರುವ ಅಜ್ಜಿ ಸೆಕೆಂಡಿಗೆ ಎರಡೂವರೆ ಅಡಿ ನಡೆದರೆ 24 ಸೆಕೆಂಡಿಗೆ 60 ಅಡಿ. ಉಳಿದದ್ದು 24 ಅಡಿ, ಎರಡು ಲೇನ್. ಅವರು ಎಲ್ಲ ನಿಯಮ ಪಾಲಿಸಿದ್ದಾರೆ, ನೋಡಿಕೊಂಡೇ ಹೋಗಿದ್ದಾರೆ. ಆದರೂ ಎಣಿಕೆ ಸೊನ್ನೆಗೆ ಬಂದಾಗ ಅವರ ಮುಂದೆ ಇನ್ನೂ ಎರಡು ಲೇನ್ ಬಾಕಿ.

ಈಗ ನಕ್ಷೆ ತಿದ್ದೋಣ. ಲೇನನ್ನು 10 ಅಡಿಗೆ ಇಳಿಸಿ: ದಾಟುವ ದೂರ 84ರಿಂದ 70 ಅಡಿಗೆ ಬಂತು. ನಡುವೆ ನಿಲ್ಲಲು ಎತ್ತರದ ಕಟ್ಟೆ ಕಟ್ಟಿ: ಒಂದು ದೊಡ್ಡ ದಾಟು ಎರಡು ಸಣ್ಣ ದಾಟಾಯಿತು, ಒಂದು ಸಲಕ್ಕೆ ಒಂದೇ ಕಡೆ ನೋಡಿದರೆ ಸಾಕು. ಸಿಗ್ನಲ್‌ನ ಸಮಯ ಹೆಚ್ಚಿಸಿ. ನಿಧಾನವಾಗಿ ನಡೆಯುವವರು ದಿನವೂ ದಾಟುವ ಕಡೆ 3.5 ಅಡಿಗಿಂತ ಕಡಿಮೆ ವೇಗದ ಲೆಕ್ಕ ಹಿಡಿಯಬೇಕೆಂದು ಆ ಕೈಪಿಡಿಯೇ ಹೇಳುತ್ತದೆ. ಯಾರಾದರೂ ಕೇಳಬೇಕು, ಅಷ್ಟೆ.

ತಪ್ಪು ಆಗುತ್ತದೆ ಎಂದು ಒಪ್ಪಿಕೊಂಡ ದೇಶ

1997ರಲ್ಲಿ ಸ್ವೀಡನ್ನಿನ ಸಂಸತ್ತು ಒಂದು ನಿರ್ಣಯ ಮಾಡಿತು. ಹೆಸರು ‘ವಿಷನ್ ಝೀರೋ’. ರಸ್ತೆಯಲ್ಲಿ ಸಾವೂ ತೀವ್ರ ಗಾಯವೂ ಸೊನ್ನೆಯಾಗಬೇಕು ಎಂಬುದು ಗುರಿ. ಅದರ ಹಿಂದಿನ ಯೋಚನೆ ಸರಳ. ಮನುಷ್ಯರು ತಪ್ಪು ಮಾಡುತ್ತಾರೆ. ಮಗು ಚೆಂಡಿನ ಹಿಂದೆ ಓಡುತ್ತದೆ, ರಾತ್ರಿ ಪಾಳಿ ಮುಗಿಸಿದವನಿಗೆ ತೂಕಡಿಕೆ ಬರುತ್ತದೆ. ಆ ತಪ್ಪಿಗೆ ಶಿಕ್ಷೆ ಸಾವಾಗಬಾರದು. ಆದ್ದರಿಂದ ಜವಾಬ್ದಾರಿ ಓಡಾಡುವವರದ್ದು ಮಾತ್ರವಲ್ಲ, ರಸ್ತೆ ಕಟ್ಟಿದವರದ್ದೂ ಹೌದು. ಮಹಡಿಯ ಬಾಲ್ಕನಿಗೆ ಕಂಬಿ ಹಾಕದೆ “ನೋಡ್ಕೊಂಡು ನಿಲ್ಲು” ಎಂದು ನಾವು ಯಾರಿಗೂ ಹೇಳುವುದಿಲ್ಲ. ರಸ್ತೆಗೂ ಅದೇ ನ್ಯಾಯ.

ಅದು ಸ್ವೀಡನ್, ಚಿಕ್ಕ ದೇಶ, ಅಮೆರಿಕದಲ್ಲಿ ಆಗದು ಎನ್ನುವವರಿಗೆ ನ್ಯೂಜೆರ್ಸಿಯ ಹೊಬೊಕೆನ್ ಉತ್ತರ. ಮ್ಯಾನ್‌ಹಟನ್ ಎದುರು ಹಡ್ಸನ್ ನದಿಯ ದಂಡೆಯಲ್ಲಿ, ಸುಮಾರು ಒಂದು ಚದರ ಮೈಲಿಯಲ್ಲಿ 60,000 ಜನ ಒತ್ತಾಗಿ ಬದುಕುವ ಊರು. 2017ರ ಜನವರಿಯ ನಂತರ ಏಳು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ವಾಹನ ಅಪಘಾತದಿಂದ ಒಂದು ಸಾವೂ ಆಗಲಿಲ್ಲ. ಚಾಲಕರು, ಪಾದಚಾರಿಗಳು, ಸೈಕಲ್ ಸವಾರರು ಯಾರೂ ಇಲ್ಲ.

ಅವರು ಮಾಡಿದ್ದರಲ್ಲಿ ಮುಖ್ಯವಾದುದಕ್ಕೆ ‘ಡೇಲೈಟಿಂಗ್’ ಎನ್ನುತ್ತಾರೆ, ಮೂಲೆಗೆ ಬೆಳಕು ಬಿಡುವುದು. ಬೀದಿಯ ತುದಿಯವರೆಗೂ ಕಾರು ನಿಂತಿದ್ದರೆ ದಾಟಲು ಬಂದ ಮಗು ಚಾಲಕನಿಗೆ ಕಾಣುವುದಿಲ್ಲ. ಮಗು ಕಾರಿನ ಮರೆಯಿಂದ ತಲೆ ಹೊರಗೆ ಹಾಕುವಷ್ಟರಲ್ಲಿ ತಡವಾಗಿರುತ್ತದೆ. ಕ್ರಾಸ್‌ವಾಕ್‌ನಿಂದ 25 ಅಡಿಯೊಳಗೆ ಕಾರು ನಿಲ್ಲಿಸಬಾರದೆಂದು ನ್ಯೂಜೆರ್ಸಿಯ ಕಾನೂನಿನಲ್ಲಿ ಮೊದಲೇ ಇತ್ತು. ಆದರೆ ಪಾರ್ಕಿಂಗ್ ಸಿಗದ ಊರಿನಲ್ಲಿ ಖಾಲಿ ಜಾಗ ಕಂಡರೆ ಯಾರು ಬಿಡುತ್ತಾರೆ? ಹೊಬೊಕೆನ್ ಆ ಜಾಗದಲ್ಲಿ ಕಂಬ ನೆಟ್ಟಿತು, ಸೈಕಲ್ ನಿಲ್ಲಿಸುವ ಸ್ಟ್ಯಾಂಡ್ ಇಟ್ಟಿತು, ಕೆಲವು ಕಡೆ ಫುಟ್‌ಪಾತನ್ನೇ ಮುಂದಕ್ಕೆ ಚಾಚಿ ಮಳೆನೀರು ಇಂಗುವ ಗಿಡದ ಪಾತಿ ಮಾಡಿತು. ನಿಯಮ ಕಾಗದದಿಂದ ನೆಲಕ್ಕೆ ಇಳಿಯಿತು. ಮೂಲೆ ಚಾಚಿದ್ದರಿಂದ ದಾಟುವ ದೂರ ಕಡಿಮೆಯಾಯಿತು, ತಿರುವು ಚೂಪಾಗಿ ಕಾರು ನಿಧಾನವಾಯಿತು.

ಕೆಲವು ಸಿಗ್ನಲ್‌ಗಳಲ್ಲಿ ಕಾರಿಗೆ ಹಸಿರು ಬೀಳುವ ಕೆಲವು ಸೆಕೆಂಡು ಮೊದಲೇ ಪಾದಚಾರಿಗೆ ದಾರಿ ಕೊಟ್ಟರು. ಕಾರು ತಿರುಗುವ ಹೊತ್ತಿಗೆ ನಡೆಯುವವರು ಆಗಲೇ ಚಾಲಕನ ಕಣ್ಣೆದುರಿಗಿರುತ್ತಾರೆ. ಇದೊಂದರಿಂದಲೇ ಸಿಗ್ನಲ್ ಇರುವ ಕೂಡುರಸ್ತೆಯಲ್ಲಿ ಪಾದಚಾರಿಗಳಿಗೆ ಡಿಕ್ಕಿಯಾಗುವುದು ನೂರಕ್ಕೆ 13ರಷ್ಟು ಇಳಿಯುತ್ತದೆ ಎನ್ನುತ್ತದೆ ಅಮೆರಿಕದ ಫೆಡರಲ್ ಹೈವೇ ಆಡಳಿತ. ಖರ್ಚು ಹೆಚ್ಚೇನಿಲ್ಲ, ಸಿಗ್ನಲ್ ಪೆಟ್ಟಿಗೆಯಲ್ಲಿ ಸಮಯ ಬದಲಿಸಬೇಕು. 2022ರಲ್ಲಿ ಊರಿನ ವೇಗದ ಮಿತಿಯನ್ನು 25ರಿಂದ 20 ಮೈಲಿಗೆ ಇಳಿಸಿದರು. ಬೀದಿಯ ಆಕಾರವನ್ನು ಮೊದಲೇ ಬದಲಿಸಿದ್ದರಿಂದ ಬೋರ್ಡಿನ ಮಾತಿಗೂ ಬೆಲೆ ಬಂತು.

ಇದರಲ್ಲಿ ಯಾವುದೂ ಪುಕ್ಕಟೆಯಲ್ಲ. ಮೂಲೆ ತೆರವು ಮಾಡಿದಾಗ ಪಾರ್ಕಿಂಗ್ ಜಾಗ ಹೋಗುತ್ತದೆ, ಅಂಗಡಿಯವರು ಸಿಟ್ಟಾಗುತ್ತಾರೆ. “ಎಲ್ಲರಿಗೂ ತಡವಾಗುತ್ತದೆ” ಎನ್ನುವವರಿಗೆ ಮಾತ್ರ ಲೆಕ್ಕ ತೋರಿಸಿ: ಒಂದು ಮೈಲಿಯನ್ನು 30ರ ಬದಲು 20ರಲ್ಲಿ ಹೋದರೆ ಹೆಚ್ಚಾಗುವುದು ಒಂದು ನಿಮಿಷ. ಮುಂದಿನ ಕೆಂಪು ದೀಪದಲ್ಲಿ ನಿಂತು ಕಾಯುವ ನಿಮಿಷ ಅದೇ ಇರಬಹುದು.

ಎಲ್ಲ ಊರಿಗೂ ಒಂದೇ ಮದ್ದಲ್ಲ. ಇಂಡಿಯಾನಾದ ಕಾರ್ಮೆಲ್ ನೂರೈವತ್ತಕ್ಕೂ ಹೆಚ್ಚು ರೌಂಡ್‌ಅಬೌಟ್ ಕಟ್ಟಿತು. ನಾಲ್ಕು ದಾರಿ ಕೂಡುವ ಸಾಮಾನ್ಯ ಜಾಗದಲ್ಲಿ ವಾಹನಗಳ ದಾರಿ ಒಂದಕ್ಕೊಂದು ತಾಗುವ ಬಿಂದುಗಳು 32, ರೌಂಡ್‌ಅಬೌಟಿನಲ್ಲಿ 8. ಮೈಸೂರಿನ ಸರ್ಕಲ್‌ಗಳನ್ನು ನೋಡಿದ ನಿಮ್ಮ ಅಪ್ಪನಿಗೆ ಇದೇನು ಹೊಸದಲ್ಲ ಅನ್ನಿಸಬಹುದು. ವ್ಯತ್ಯಾಸ ಇಷ್ಟೇ: ಇಲ್ಲಿ ಒಳಬರುವವರು ನಿಧಾನ ಮಾಡಿ ಒಳಗಿದ್ದವರಿಗೆ ದಾರಿ ಬಿಡಲೇಬೇಕು, ಹಾಗೆ ನಿಧಾನ ಮಾಡಿಸುವಂತೆಯೇ ದಾರಿಯನ್ನು ಬಾಗಿಸಿರುತ್ತಾರೆ.

ಊರಿನ ಮಾತು

“ಇಲ್ಲೇನು, ಬೆಂಗಳೂರಿಗೆ ಹೋಗಿ ನೋಡು” ಎಂದು ಮನೆಯಲ್ಲಿ ಯಾರಾದರೂ ಹೇಳುತ್ತಾರೆ. ನಿಜ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು, 32,000ಕ್ಕೂ ಹೆಚ್ಚು ಜನ ನಡೆಯುವವರು. ಅದನ್ನೂ “ನಮ್ಮ ಜನಕ್ಕೆ ಶಿಸ್ತಿಲ್ಲ” ಎಂಬ ಒಂದೇ ಮಾತಿನಲ್ಲಿ ಮುಗಿಸುವ ಅಭ್ಯಾಸವಿದೆ. ಆದರೆ ಫುಟ್‌ಪಾತ್ ಮುರಿದಿದ್ದರೆ, ಅದರ ಮೇಲೆ ಟ್ರಾನ್ಸ್‌ಫಾರ್ಮರ್ ಕೂತಿದ್ದರೆ, ರಸ್ತೆಗಿಳಿದು ನಡೆಯುವುದು ಅಶಿಸ್ತಲ್ಲ, ಬೇರೆ ದಾರಿಯಿಲ್ಲ.

ಬೆಂಗಳೂರಿನಲ್ಲೇ ಇದಕ್ಕೆ ಸಾಕ್ಷಿ ಇದೆ. ಟೆಂಡರ್‌ಶೂರ್ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆಗಳಲ್ಲಿ ಅಗಲವಾದ ಫುಟ್‌ಪಾತ್ ಮಾಡಿ, ಪೈಪು-ಕೇಬಲ್‌ಗಳನ್ನು ಅದರ ಕೆಳಗೆ ಹಾಕಿದರು, ಮತ್ತೆ ಮತ್ತೆ ರಸ್ತೆ ಅಗೆಯಬಾರದೆಂದು. ಜಾಗ ಕೊಟ್ಟ ಕಡೆ ಜನ ಫುಟ್‌ಪಾತಿನ ಮೇಲೇ ನಡೆಯುತ್ತಾರೆ. ಅದೇ ಜನ, ಅದೇ ಊರು. ಬದಲಾಗಿದ್ದು ನಕ್ಷೆ. ಮುಂದಿನ ಸಲ ರಜೆಗೆ ಹೋದಾಗ ಅಲ್ಲಿ ಒಂದು ಸುತ್ತು ನಡೆಯಿರಿ. ಆಮೇಲೆ ಪಕ್ಕದ ಬೇರೆ ರಸ್ತೆಯಲ್ಲೂ ನಡೆದು ಹೋಲಿಸಿ.

ನೀವು ಏನು ಮಾಡಬಹುದು

ನೀವು ಈ ದೇಶದಲ್ಲಿ ಹುಟ್ಟಿದವರು, ಅಥವಾ ಇಲ್ಲೇ ಬೆಳೆದವರು. ನಿಮ್ಮ ಅಪ್ಪ-ಅಮ್ಮನಿಗೆ ಸಿಟಿ ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತು ಮಾತಾಡಲು ಸಂಕೋಚ ಇರಬಹುದು. ನಮಗ್ಯಾಕೆ ಊರ ಉಸಾಬರಿ ಎಂದೂ ಅನ್ನಿಸಿರಬಹುದು. ನಿಮಗೆ ಆ ಸಂಕೋಚ ಬೇಡ, ಈ ಊರು ನಿಮ್ಮದು.

ಮೊದಲು ಮನೆಯ ಹತ್ತಿರದ ಒಂದು ಕೂಡುರಸ್ತೆ ಆರಿಸಿಕೊಳ್ಳಿ. ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಧಾನವಾಗಿ ದಾಟಿ ನೋಡಿ, ಎಷ್ಟು ಸೆಕೆಂಡು ಸಾಲದು ಎಂದು ಬರೆದುಕೊಳ್ಳಿ. ಲೇನ್ ಎಷ್ಟು, ದೀಪ ಇದೆಯೆ, ಮೂಲೆಯಲ್ಲಿ ನಿಂತ ಕಾರು ಕಣ್ಣಿಗೆ ಅಡ್ಡವೆ, ಗಮನಿಸಿ. ರಾತ್ರಿಯೂ ಒಮ್ಮೆ ಹೋಗಿ. ಅಮೆರಿಕದಲ್ಲಿ ಪಾದಚಾರಿಗಳ ಸಾವಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಆಗುವುದು ಕತ್ತಲಲ್ಲಿ. ಆಮೇಲೆ ಆ ರಸ್ತೆ ಯಾರದ್ದು ಎಂದು ಪತ್ತೆ ಮಾಡಿ: ಸಿಟಿಯದೋ, ಕೌಂಟಿಯದೋ, ರಾಜ್ಯದ್ದೋ. ತಪ್ಪು ಬಾಗಿಲು ತಟ್ಟಿದರೆ ತಿಂಗಳುಗಟ್ಟಲೆ ಹೋಗುತ್ತದೆ. ನಿಮ್ಮ ರಾಜ್ಯದ ಕಾನೂನೂ ತಿಳಿದಿರಲಿ. ಕ್ಯಾಲಿಫೋರ್ನಿಯಾದವರಾದರೆ, ಕ್ರಾಸ್‌ವಾಕ್‌ಗೆ ಬರುವ ಕಡೆ 20 ಅಡಿಯೊಳಗೆ ಕಾರು ನಿಲ್ಲಿಸುವಂತಿಲ್ಲ ಎಂಬ ನಿಯಮ 2025ರಿಂದ ಪೂರ್ತಿ ಜಾರಿಯಲ್ಲಿದೆ.

ಕೇಳುವಾಗ “ಸುರಕ್ಷತೆ ಬೇಕು” ಎಂದು ಕೇಳಬೇಡಿ, ಅದಕ್ಕೆ ಎಲ್ಲರೂ ಹೌದು ಎನ್ನುತ್ತಾರೆ. “ಈ ಸಿಗ್ನಲ್‌ಗೆ ಹತ್ತು ಸೆಕೆಂಡು ಹೆಚ್ಚು ಕೊಡಿ, ಈ ಮೂಲೆಯಲ್ಲಿ ಕಂಬ ನೆಡಿ” ಎಂದು ಕೇಳಿ. ಸಭೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ನಿಮಿಷ ಸಿಗುತ್ತದೆ, ಇಷ್ಟು ಹೇಳಲು ಅದು ಸಾಕು. ಒಂದೇ ಸಲಕ್ಕೆ ಆಗಲಿಕ್ಕಿಲ್ಲ. ಕನ್ನಡ ಕೂಟದ ನಾಲ್ಕು ಗೆಳೆಯರನ್ನು ಕರೆದುಕೊಂಡು ಮತ್ತೆ ಹೋಗಿ.

ಮತ್ತೆ, ನೀವು ಸ್ಟೀರಿಂಗ್ ಹಿಂದೆ ಕೂತಾಗ ಇಷ್ಟು ನೆನಪಿಡಿ. ರಸ್ತೆ ನಿಮ್ಮನ್ನು 40ಕ್ಕೆ ಕರೆಯುತ್ತಿದ್ದರೂ ಬೋರ್ಡು 25 ಎಂದರೆ, ನಕ್ಷೆ ತಿದ್ದುವವರೆಗೆ ಆ ಕಂದರವನ್ನು ತುಂಬಬೇಕಾದವರು ನೀವು. ಅಲ್ಲಿಯವರೆಗೆ ಅಮ್ಮ ಹೇಳಿದ ಹಾಗೆ ನೋಡ್ಕೊಂಡೇ ಹೋಗಿ. ನೋಡುವಾಗ ಕಾರುಗಳನ್ನಷ್ಟೇ ಅಲ್ಲ, ಬೀದಿಯನ್ನೂ ನೋಡಿ.